ಸೂಜಿಗೆ ಹೆದರಿ ಮಾತ್ರೆ ಬಿಟ್ಟವರು

ಹೋದ ಮಳೆಗಾಲದಲ್ಲಿ ಗೋಣಿಕೊಪ್ಪ ಕಡೆಯ ಒಬ್ಬರು ಬಂದಿದ್ದರು. ಐವತ್ತು ವರ್ಷ, ಸಣ್ಣ ಕಾಫಿ ತೋಟ. ಲಿವರನ್ನು ಕೆಡಿಸುವ ವೈರಸ್ ಸೋಂಕು, ಹೆಪಟೈಟಿಸ್ ಸಿ ಇದೆ ಅಂತ ಗೊತ್ತಾಗಿ ಆಗಲೇ ಒಂದೂವರೆ ವರ್ಷ. ರಿಪೋರ್ಟನ್ನು ಬೀರುವಿನಲ್ಲಿ ಇಟ್ಟು ಸುಮ್ನೆ ಕೂತಿದ್ದರು. "ಮೊದಲು ಲಿವರಿಗೆ ಸೂಜಿ ಹಾಕಿ ತುಂಡು ತೆಗೀತಾರೆ, ಆಮೇಲೇ ಔಷಧಿ ಅಂತ ನಮ್ಮ ಭಾವ ಹೇಳಿದ್ರು ಡಾಕ್ಟ್ರೇ" ಅಂದರು. ಭಾವನಿಗೆ 2008ರಲ್ಲಿ ಹಾಗೇ ಮಾಡಿದ್ದರಂತೆ. ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಅದು 2008ರ ಮಾತು.

ಈ ಒಂದು ಮಾತಿಗೆ ಎಷ್ಟು ಜನ ತಿಂಗಳುಗಟ್ಟಲೆ ಕಳೆದುಕೊಂಡಿದ್ದಾರೆ ಅಂತ ನೆನೆಸಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಆಗ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್. ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಜ್ವರ, ಮೈಕೈ ನೋವು, ರಕ್ತ ಇಳಿಯುವುದು, ಮನಸ್ಸು ಕುಗ್ಗುವುದು, ಇಷ್ಟೆಲ್ಲ ಆದ ಮೇಲೂ ಬಹಳ ಜನರಲ್ಲಿ ವೈರಸ್ ಹಾಗೇ ಉಳಿಯುತ್ತಿತ್ತು. ಅಷ್ಟು ಕಷ್ಟ ಕೊಡುವ ಮೊದಲು ಲಿವರ್ ಎಷ್ಟು ಕೆಟ್ಟಿದೆ, ಇನ್ನೂ ಕಾಯಬಹುದಾ ಅಂತ ತೂಗಬೇಕಿತ್ತು. ಸೂಜಿಯಿಂದ ಲಿವರಿನ ತುಂಡು ತೆಗೆದು ನೋಡುವ ಆ ಬಯಾಪ್ಸಿ ಬೇಕಾಗಿದ್ದು ಅದಕ್ಕೆ.

ಈಗ ಸೋಫೋಸ್ಬುವಿರ್ ಜೊತೆ ಡಕ್ಲಟಾಸ್ವಿರ್ ಅಥವಾ ವೆಲ್ಪಟಾಸ್ವಿರ್. ದಿನಕ್ಕೊಮ್ಮೆ ಮಾತ್ರೆ, ಸಾಮಾನ್ಯವಾಗಿ 12 ವಾರ. ನೂರರಲ್ಲಿ 95ರಷ್ಟು ಜನರಿಗೆ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹಾಗಾಗಿ ರಕ್ತದಲ್ಲಿ ವೈರಸ್ ಇದ್ದರೆ ಚಿಕಿತ್ಸೆ ಕೊಡುವುದೇ. ಕೊಡಬೇಕಾ ಬೇಡವಾ ಅಂತ ನಿರ್ಧರಿಸಲು ಬಯಾಪ್ಸಿ ಬೇಕಿಲ್ಲ. ಇದನ್ನು ಎರಡು ಸಲ ಓದಿ.

ಉಳಿಯುವ ಪ್ರಶ್ನೆ ಒಂದೇ, ಸಿರೋಸಿಸ್ ಆಗಿದೆಯಾ, ಅಂದರೆ ಹಳೆಯ ಗಾಯಗಳಿಂದ ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆಯಾ ಅಂತ. ಯಾವ ಮಾತ್ರೆ, ಎಷ್ಟು ವಾರ, ಆಮೇಲೆ ಎಷ್ಟು ದಿನ ಕಣ್ಣಿಡಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಅದನ್ನು ತಿಳಿಯಲೂ ಮೊದಲಿಗೆ ಸಾಮಾನ್ಯ ರಕ್ತಪರೀಕ್ಷೆ ಸಾಕು. ನಮ್ಮ ತೋಟದವರದೇ ಲೆಕ್ಕ ನೋಡಿ. ವಯಸ್ಸು 50, ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳಾದ ಎಸ್‌ಜಿಒಟಿ 64, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2 ಲಕ್ಷ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿದರೆ 3200. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 200 ಅಂತ ಹಿಡಿದು ಎಸ್‌ಜಿಪಿಟಿಯ ವರ್ಗಮೂಲ 8ರಿಂದ ಗುಣಿಸಿದರೆ 1600. ಭಾಗಿಸಿದರೆ 2. ಇದೇ ಫಿಬ್-4, ಲಿವರಿನ ಗಾಯ ಎಷ್ಟಿದೆ ಅಂತ ಅಂದಾಜು ಮಾಡುವ ಅಂಕ. 1.45ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಗಾಯ ಇರುವ ಸಾಧ್ಯತೆ ಕಡಿಮೆ, 3.25 ದಾಟಿದರೆ ಜಾಸ್ತಿ. ಇವರದು ನಡುವೆ ಬಿತ್ತು. ಮೈಸೂರಿಗೆ ಹೋಗಿ ಫೈಬ್ರೋಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂದೆ. ಸೂಜಿಯಿಲ್ಲ, ನೋವಿಲ್ಲ, ಮೂರು ಗಂಟೆ ಹೊಟ್ಟೆ ಖಾಲಿ ಇಟ್ಟುಕೊಂಡರಾಯಿತು. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅದು ತೋರಿಸುತ್ತದೆ.

"ತುಂಡು ತೆಗೆದು ನೋಡಿದ್ರೇ ಖಾತ್ರಿ ಅಲ್ವಾ?" ಅಂತ ಅವರ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಆ ತುಂಡು ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು. ಒಂದು ಗಿಡ ಸೀಳಿ ನೋಡಿ ಇಡೀ ತೋಟದಲ್ಲಿ ಕಾಂಡಕೊರಕ ಇಲ್ಲ ಅಂತ ಹೇಳೋಕಾಗುತ್ತಾ? ಮೇಲಿಂದ, ಅಪರೂಪಕ್ಕೆ ರಕ್ತಸ್ರಾವದ ಅಪಾಯವೂ ಇದೆ.

ಹಾಗಂತ ಬಯಾಪ್ಸಿ ಯಾವತ್ತೂ ಬೇಡ ಅನ್ನುತ್ತಿಲ್ಲ. ಲೆಕ್ಕ ಒಂದು ಹೇಳಿ ಸ್ಕ್ಯಾನ್ ಇನ್ನೊಂದು ಹೇಳಿದರೆ, ವೈರಸ್ ಜೊತೆಗೆ ಬೇರೆ ಲಿವರ್ ಕಾಯಿಲೆಯ ಅನುಮಾನ ಬಂದರೆ ಬೇಕಾಗಬಹುದು. ನಿಮ್ಮನ್ನು ನೋಡುತ್ತಿರುವ ಡಾಕ್ಟರು ಹೇಳಿದರೆ ಕಾರಣ ಕೇಳಿ, ಒಪ್ಪಿ. ಆದರೆ ಮಾತ್ರೆ ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಅನ್ನುವ ಇನ್ನೊಂದು ಲಿವರ್ ವೈರಸ್ಸಿನ ಪರೀಕ್ಷೆ ಮಾತ್ರ ಯಾರೂ ತಪ್ಪಿಸಬೇಡಿ. ಸಿ ಹೋಗುವಾಗ ಒಳಗೆ ಅಡಗಿದ್ದ ಬಿ ಕೆರಳಬಹುದು.

ಸ್ಕ್ಯಾನಿನಲ್ಲಿ ಅವರಿಗೆ ಸಿರೋಸಿಸ್ ಬಂತು, ಇನ್ನೂ ಶುರುವಿನ ಹಂತ. ಒಂದೂವರೆ ವರ್ಷ ಮೊದಲೇ ಬಂದಿದ್ದರೆ ಅನ್ನುವುದು ನನ್ನ ಬಾಯಿಗೆ ಬಂದಿತ್ತು, ಪಕ್ಕದಲ್ಲಿ ಹೆಂಡತಿ ಕೂತಿದ್ದರು, ಹೇಳಲಿಲ್ಲ. ಮಾತ್ರೆ ಮುಗಿದು 12 ವಾರಕ್ಕೆ ನೋಡಿದಾಗ ವೈರಸ್ ಇರಲಿಲ್ಲ. ಆದರೂ ಸಿರೋಸಿಸ್ ಆದವರಿಗೆ ಕ್ಯಾನ್ಸರ್ ಭಯ ಪೂರ್ತಿ ಹೋಗುವುದಿಲ್ಲ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕೇ ಬೇಕು. ತಾರೀಖು ಮರೆತುಹೋಗುತ್ತದೆ ಅಂದರು. ಮಳೆ ಹಿಡಿಯುವ ಮೊದಲು ಒಂದು, ಕಾಫಿ ಕುಯ್ಲಿಗೆ ಮೊದಲು ಒಂದು ಅಂತ ಚೀಟಿಯಲ್ಲಿ ಬರೆದುಕೊಟ್ಟೆ.