ಯಾವಾಗಿನಿಂದ ಹೀಗೆ ತೂರಾಡುತ್ತಿದ್ದೀರಿ?

ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡೇಟು ಬಿದ್ದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ನರವೈದ್ಯರು ತುಂಬಾ ತಾಳ್ಮೆಯಿಂದ ಪರೀಕ್ಷಿಸಿದರು. ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗಿರುವ ಕಿರುಮೆದುಳಿನ (ಸೆರೆಬೆಲ್ಲಮ್) ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ವಿಷಯ ಅವರಿಂದಲೇ ಬಂದದ್ದು. ಅವರ ರೋಗಿಯೊಬ್ಬ ಹೇಳಿದ್ದನಂತೆ: ಎಡಗೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಲಗೈಯನ್ನು ಮಾತ್ರ ಪ್ರತಿ ಸಲವೂ ಯೋಚಿಸಿ ಯೋಚಿಸಿ ಆಡಿಸಬೇಕು. ಅವನಿಗೆ ಹಾನಿಯಾಗಿದ್ದೂ ಕಿರುಮೆದುಳಿನ ಬಲಭಾಗಕ್ಕೇ. ದೊಡ್ಡ ಮೆದುಳಿನ ಬಲಕ್ಕೆ ಏಟಾದರೆ ಎಡಗೈ ಸೋಲುತ್ತದೆ. ಕಿರುಮೆದುಳಿನಲ್ಲಿ ಹಾಗಲ್ಲ, ಏಟು ಬಿದ್ದ ಕಡೆಯ ಕೈಕಾಲೇ ಹದ ತಪ್ಪುತ್ತದೆ.

ಹದ ತಪ್ಪುವುದು ಬೇರೆ, ಶಕ್ತಿ ಹೋಗುವುದು ಬೇರೆ. ಅಟಾಕ್ಸಿಯಾ ಅಂದರೆ ಈ ಹದ ತಪ್ಪುವಿಕೆ. ಲೋಟ ಎತ್ತುವ ಬಲ ಕೈಗಿರುತ್ತದೆ, ಆದರೆ ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ಮೆದುಳಿನ ತೂಕದಲ್ಲಿ ಕಿರುಮೆದುಳಿನ ಪಾಲು ಹತ್ತರಲ್ಲಿ ಒಂದರಷ್ಟು. ಆದರೆ ಅರ್ಧಕ್ಕಿಂತ ಜಾಸ್ತಿ ನರಕೋಶಗಳು ಅದರಲ್ಲೇ ಇವೆ! ಯಾವ ಸ್ನಾಯು ಯಾವ ಕ್ಷಣಕ್ಕೆ ಬಿಗಿಯಬೇಕು, ಯಾವಾಗ ಸಡಿಲವಾಗಬೇಕು ಅನ್ನುವ ಲೆಕ್ಕ ಅದರ ಕೆಲಸ.

ಕಾರಣ ಹುಡುಕುವಾಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಒಂದೇ: ಇದು ಯಾವಾಗ ಶುರುವಾಯಿತು? ನಿಮಿಷಗಳಲ್ಲಿ ಬಂದಿದ್ದರೆ ಸ್ಟ್ರೋಕ್ ಅಥವಾ ರಕ್ತಸ್ರಾವ ಇರಬಹುದು. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಕೈಕಾಲಿನ ಬಲ ಸರಿಯಾಗಿಯೇ ಇದ್ದು, ಬರೀ ತಲೆಸುತ್ತು, ವಾಂತಿ ಇದ್ದಾಗ ಹೊಟ್ಟೆಯದೇನೋ ತೊಂದರೆ ಅಂತ ಸುಮ್ನೆ ಮಲಗಿಬಿಡುವವರಿದ್ದಾರೆ. ಹಠಾತ್ತಾಗಿ ಆಧಾರವಿಲ್ಲದೆ ನಿಲ್ಲಲಾಗದಂತಾದರೆ ಅದು ತುರ್ತು ಸ್ಥಿತಿ. ಕಿರುಮೆದುಳು ಊದಿಕೊಂಡರೆ ಪಕ್ಕದಲ್ಲೇ ಇರುವ, ಉಸಿರಾಟ ನೋಡಿಕೊಳ್ಳುವ ಮೆದುಳಿನ ಕಾಂಡವನ್ನು ಒತ್ತುತ್ತದೆ.

ಮಕ್ಕಳಲ್ಲಿ ಚಿಕನ್‌ಪಾಕ್ಸ್‌ನಂಥ ಸೋಂಕಿನ ನಂತರ ಕೆಲವೇ ದಿನಗಳಲ್ಲಿ ನಡಿಗೆ ಕೆಡುವುದುಂಟು. ಹೆಚ್ಚಿನವರು ವಾರಗಳಲ್ಲಿ ಸುಧಾರಿಸುತ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೆಚ್ಚುತ್ತಾ ಹೋದರೆ ಗೆಡ್ಡೆ ಇದೆಯೇ ಎಂದು ನೋಡಬೇಕು. ದೇಹದ ಬೇರೆಲ್ಲೋ ಅಡಗಿರುವ ಕ್ಯಾನ್ಸರ್ ವಿರುದ್ಧ ಹುಟ್ಟಿದ ಪ್ರತಿಕಾಯಗಳೂ ಕಿರುಮೆದುಳನ್ನು ಹಾಳುಮಾಡಬಲ್ಲವು. ವರ್ಷಗಟ್ಟಲೆ ನಿಧಾನವಾಗಿ ಬಂದರೆ ದೀರ್ಘಕಾಲದ ಮದ್ಯಪಾನ, ಮೆದುಳು ಸವೆಯುವ ಕಾಯಿಲೆ, ಅಥವಾ ವಂಶದಲ್ಲಿ ಬಂದ ಜೀನ್ ದೋಷ. ಹಾಗಾಗಿ ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿತ್ತಾ ಅಂತ ಕೇಳಲೇಬೇಕು.

ಪರೀಕ್ಷೆ ರೋಗಿ ಬಾಗಿಲು ದಾಟಿ ಬರುವಾಗಲೇ ಶುರುವಾಗುತ್ತದೆ. ಕಾಲು ಅಗಲಿಸಿಟ್ಟು ನಡೆಯುತ್ತಾರಾ? ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಗೆರೆ ಮೇಲೆ ನಡೆಯಲು ಹೇಳಿದರೆ ಸಣ್ಣ ದೋಷವೂ ಬಯಲಾಗುತ್ತದೆ. ಆಮೇಲೆ ತೋರುಬೆರಳಿನಿಂದ ತನ್ನ ಮೂಗು, ವೈದ್ಯರ ಬೆರಳು, ಮತ್ತೆ ಮೂಗು ಮುಟ್ಟಬೇಕು. ಇಲ್ಲಿ ನಡುಕವನ್ನು ಗಮನಿಸಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸುಮ್ಮನಿಟ್ಟ ಕೈ ನಡುಗುತ್ತದೆ. ಇಲ್ಲಿ ಗುರಿ ಹತ್ತಿರವಾದಷ್ಟೂ ನಡುಕ ಜಾಸ್ತಿ. ಅಂಗೈಯನ್ನು ಬೇಗ ಬೇಗ ಮಗುಚಿ ತಟ್ಟಲು ಹೇಳಿದರೆ ತಾಳ ತಪ್ಪುತ್ತದೆ. ಮಾತು ತುಂಡು ತುಂಡಾಗುತ್ತದೆ, ಕಣ್ಣುಗುಡ್ಡೆ ಎಳೆದೆಳೆದು ಅಲುಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಪಾದ ಜೋಡಿಸಿ ನಿಲ್ಲಿಸುವ ಪರೀಕ್ಷೆ. ಕಣ್ಣು ತೆರೆದಾಗಲೂ ಓಲಾಡುತ್ತಿದ್ದರೆ ಅನುಮಾನ ಕಿರುಮೆದುಳಿನ ಮೇಲೆ. ಕಣ್ಣು ಬಿಟ್ಟಾಗ ಸರಿಯಾಗಿ ನಿಂತು, ಮುಚ್ಚಿದ ಕೂಡಲೇ ವಾಲಿದರೆ ಬಹುಶಃ ಪಾದ ಎಲ್ಲಿದೆ ಅನ್ನುವ ಸುದ್ದಿಯೇ ಮೆದುಳಿಗೆ ಹೋಗುತ್ತಿಲ್ಲ. ವಿಟಮಿನ್ ಬಿ12 ಕೊರತೆಯಲ್ಲಿ ಹೀಗಾಗಬಹುದು. ಯಂತ್ರವಿಲ್ಲದೆ, ಅರ್ಧ ನಿಮಿಷದಲ್ಲಿ ಇಷ್ಟು ಗೊತ್ತಾಗುತ್ತದೆ ಅಲ್ವಾ! ಆಮೇಲೆ ಎಂಆರ್‌ಐ, ರಕ್ತ ಪರೀಕ್ಷೆ.

ಅದಕ್ಕೂ ಮೊದಲು ರೋಗಿ ನುಂಗುತ್ತಿರುವ ಮಾತ್ರೆಗಳನ್ನು ನೋಡಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯ್ನ್, ಮನೋರೋಗಕ್ಕೆ ಕೊಡುವ ಲಿಥಿಯಂ ರಕ್ತದಲ್ಲಿ ಹೆಚ್ಚಾದರೆ ಇದೇ ತೂರಾಟ ಬರುತ್ತದೆ. ಥೈರಾಯ್ಡ್ ಕೊರತೆಯೂ ಕಾರಣವಾಗಬಹುದು.

1863ರಲ್ಲಿ ಜರ್ಮನ್ ವೈದ್ಯ ನಿಕೋಲಾಸ್ ಫ್ರೀಡ್ರೈಕ್ ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ಅಟಾಕ್ಸಿಯಾ ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಶುರುವಾಗುತ್ತದೆ. ಅದರ ಜೀನ್ 1996ರಲ್ಲಿ ಸಿಕ್ಕಿತು, ಆದರೂ ಪೂರ್ತಿ ಗುಣಪಡಿಸುವ ಮದ್ದಿಲ್ಲ. ನೋಡಲು ಹೆಚ್ಚುಕಡಿಮೆ ಹಾಗೇ ಕಾಣುವ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಜೀನ್ ದೋಷದಿಂದ ರಕ್ತದಲ್ಲಿ ವಿಟಮಿನ್ ಇ ತೀರಾ ಕಡಿಮೆಯಾಗುತ್ತದೆ. ಬೇಗ ಪತ್ತೆಯಾದ ಮಗುವಿಗೆ ಜೀವನಪೂರ್ತಿ ಆ ವಿಟಮಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕಾಯಿಲೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.