ಅಂಬಾಸಿಡರ್ ಕಮಾನು ಕೆಲಸ: ಕೊನೆಯ ಬಿಗಿತ ಭಾರದ ಮೇಲೆ

ಕಾರವಾರದ ಕೋಡಿಬಾಗದ ಗ್ಯಾರೇಜಿನಲ್ಲಿ ನನ್ನೊಂದಿಗೆ ಕೆಲಸ ಕಲಿಯುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ನಾವು ಬಿಚ್ಚಿದ ಅಂಬಾಸಿಡರ್ ಸದಾಶಿವಗಡದಲ್ಲಿ ಕಡಲಿಗೆ ಮುಖಮಾಡಿದ ಕೊಟ್ಟಿಗೆಯೊಂದರಲ್ಲಿ ಆರು ಮಳೆಗಾಲ ನಿಂತಿತ್ತು. ಹಿಂಭಾಗ ಎಡಕ್ಕೆ ವಾಲಿತ್ತು. ಹೊಂಡಕ್ಕೆ ಇಳಿದಾಗಲೆಲ್ಲ ‘ಟಕ್’ ಎನ್ನುತ್ತಿತ್ತು. ಕಮಾನು (ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಹೋಗಿದೆ, ಹೊಸದನ್ನು ತರಿಸೋಣ ಎಂದು ನಾನು ಅವಸರಪಟ್ಟೆ. “ಮೊದಲು ಅಳತೆ ಹಿಡಿ ತಮ್ಮಾ” ಎಂದರು ಮೇಸ್ತ್ರಿಗಳು.

ಅಳತೆಗೆ ಸಮತಟ್ಟಾದ ನೆಲ ಬೇಕು, ಟೈರುಗಳಲ್ಲಿ ಸರಿಯಾದ ಗಾಳಿ ಇರಬೇಕು, ಡಿಕ್ಕಿ ಖಾಲಿಯಿರಬೇಕು. ಗಾಲಿಯ ನಡುಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಬದಿ ಅಳೆದೆವು. ಎಡಬದಿ 22 ಮಿ.ಮೀ. ಕಡಿಮೆ ಬಂತು. ಆದರೂ ತಪ್ಪು ಹಿಂದಿನ ಕಮಾನಿನದೇ ಎನ್ನುವಂತಿಲ್ಲ. ಮುಂದಿನ ಒಂದು ಬದಿ ಕುಸಿದಿದ್ದರೆ ಇಡೀ ಕಾರು ಓರೆಯಾಗಿ, ಹಿಂದಿನ ಅಳತೆಯೂ ಕೆಡುತ್ತದೆ. ಹಾಗಾಗಿ ಮುಂಭಾಗವನ್ನು ಅಡ್ಡ ಮೆಂಬರಿನ (ಕಾರಿನ ಮುಂದಡಿಯ ಅಡ್ಡ ತೊಲೆ) ಸರಿಯಾದ ನಡುವಿನಲ್ಲಿ ಜಾಕ್ ಕೊಟ್ಟು ಎತ್ತಿ, ಹಿಂಭಾಗವನ್ನು ಮತ್ತೊಮ್ಮೆ ಅಳೆಯಬೇಕು. ಆಗಲೂ ವಾಲಿದ್ದರೆ ಮಾತ್ರ ದೋಷ ಹಿಂದಿನದು. ನಮ್ಮದು ವಾಲಿಯೇ ಇತ್ತು.

ಈ ಕಾರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಪಟ್ಟಿ ಕಮಾನು.

ಪಟ್ಟಿಗಳು ಒಂದಕ್ಕಿಂತ ಒಂದು ಗಿಡ್ಡವಾಗಿರುವುದು ಏಕೆ? ಭಾರ ಬಿದ್ದಾಗ ಬಾಗಿಸುವ ಒತ್ತಡ ತುದಿಗಳಲ್ಲಿ ಕಡಿಮೆ, ಆಕ್ಸಲ್ ಕೂರುವ ನಡುಭಾಗದಲ್ಲಿ ಅತಿ ಹೆಚ್ಚು. ಒತ್ತಡ ಹೆಚ್ಚಿದಲ್ಲಿ ಪಟ್ಟಿಗಳ ಸಂಖ್ಯೆಯೂ ಹೆಚ್ಚುತ್ತದೆ. ಆದರೆ ಅದೇ ನಡುವಿನಲ್ಲಿ, ಪಟ್ಟಿಗಳನ್ನು ಒಟ್ಟಿಗೆ ಪೋಣಿಸುವ ಸೆಂಟರ್ ಬೋಲ್ಟಿಗಾಗಿ ಎಲ್ಲ ಪಟ್ಟಿಗಳಿಗೂ ತೂತು ಕೊರೆದಿರುತ್ತಾರೆ. ಹೆಚ್ಚು ಬಲ ಬೇಕಾದ ಜಾಗದಲ್ಲೇ ಉಕ್ಕು ಕಡಿಮೆ! ಆ ತೂತನ್ನು ಕಾಪಾಡುವುದು ಕಮಾನನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯು-ಬೋಲ್ಟುಗಳು. ಅವು ಬಿಗಿಯಾಗಿದ್ದರೆ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದರೆ ತೂತಿನ ಬಳಿಯೇ ಪಟ್ಟಿ ಮುರಿಯುತ್ತದೆ. ಯಾವುದೇ ಕಮಾನು ಸರಿಯಾಗಿ ತೂತಿನಲ್ಲಿ ತುಂಡಾಗಿ ಬಂದರೆ ಹೊಸ ಪಟ್ಟಿ ಹಾಕುವ ಮೊದಲು ಯು-ಬೋಲ್ಟುಗಳನ್ನು ನೋಡಿ. ಬಿಚ್ಚಿದ ಹಳೆಯ ಯು-ಬೋಲ್ಟುಗಳನ್ನು ಮತ್ತೆ ಹಾಕಬೇಡಿ.

ಬಿಚ್ಚುವಾಗಿನ ಒಂದು ಎಚ್ಚರಿಕೆ. ಎತ್ತಿದ ಕಾರಿಗೆ ಆಸರೆ ಕೊಡಲು ನಮ್ಮ ಕಡೆ ಅಂಗಳದಲ್ಲಿ ಥಟ್ಟನೆ ಕೈಗೆ ಸಿಗುವುದು ಗೋಡೆ ಕಟ್ಟುವ ಚಿರೆಕಲ್ಲು (ಜಂಬಿಟ್ಟಿಗೆ). ಗೋಡೆಯ ಭಾರ ಅದರ ಮೈಯಿಡೀ ಹರಡುತ್ತದೆ. ಕಾರಿನ ಭಾರ ಒಂದು ಅಂಚಿನ ಮೇಲೆ ಕೂರುತ್ತದೆ. ತೂತುತೂತಾದ ಆ ಕಲ್ಲು ಸೂಚನೆಯನ್ನೇ ಕೊಡದೆ ಸೀಳಬಹುದು. ಚಿರೆಕಲ್ಲಿನ ಮೇಲೆ ನಿಂತ ಕಾರಿನ ಕೆಳಗೆ ದಯವಿಟ್ಟು ಮಲಗಬೇಡಿ, ಬರಿ ಜಾಕಿನ ಮೇಲೆ ನಿಂತದ್ದರ ಕೆಳಗೂ ಬೇಡ. ಕಾರಿನ ಬಾಡಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಡಿ, ಮಣ್ಣಿನ ನೆಲವಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ. ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಪಟ್ಟಿಗಳನ್ನು ಕ್ಲಾಂಪಿನಿಂದ ಹಿಡಿದಿರಬೇಕು, ಇಲ್ಲವಾದರೆ ಅವು ಸಿಡಿದು ಬಿಚ್ಚಿಕೊಳ್ಳುತ್ತವೆ.

ಹೊರಗಿನಿಂದ ನಮ್ಮ ಕಮಾನು ಇಡಿಯಾಗಿಯೇ ಕಂಡಿತ್ತು. ಬಿಡಿಸಿದಾಗ ಪಟ್ಟಿಗಳ ನಡುವೆ ತುಕ್ಕು ಹಪ್ಪಳದಂತೆ ಪದರಪದರವಾಗಿ ಎದ್ದಿತ್ತು. ಕಡಲ ಗಾಳಿಯ ಉಪ್ಪು ತಾನೇ ತೇವ ಎಳೆದುಕೊಳ್ಳುತ್ತದೆ. ಪಟ್ಟಿಗಳ ಸಂದಿಗೆ ಒಮ್ಮೆ ಸೇರಿದ ಪಸೆ ಬೇಗ ಆರುವುದಿಲ್ಲ. ತಂತಿಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದಾಗ ಎರಡನೆಯ ಪಟ್ಟಿಯ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು. ಅದು ಮೇಲ್ಮೈಯಲ್ಲೇ ಹುಟ್ಟಿದ್ದಕ್ಕೆ ಕಾರಣವಿದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗುತ್ತದೆ. ಆಗ ಪ್ರತಿ ಪಟ್ಟಿಯ ಮೇಲ್ಮೈ ಎಳೆತಕ್ಕೆ, ಕೆಳಮೈ ಒತ್ತಡಕ್ಕೆ ಸಿಗುತ್ತದೆ. ತುಕ್ಕು ಕೊರೆದ ಕುಳಿಯನ್ನು ಎಳೆತ ಬಿರುಕಾಗಿಸುತ್ತದೆ. ಮೊದಲ ಪಟ್ಟಿಯದನ್ನು ಬಿಟ್ಟರೆ ಉಳಿದ ಎಲ್ಲ ಮೇಲ್ಮೈಗಳೂ ಮೇಲಿನ ಪಟ್ಟಿಯಡಿ ಮುಚ್ಚಿಹೋಗಿರುತ್ತವೆ. ಆದ್ದರಿಂದ ಕರಾವಳಿಯ ಹಳೆಯ ಕಾರಿನಲ್ಲಿ ಕಮಾನನ್ನು ಬಿಡಿಸದೆ ‘ಚೆನ್ನಾಗಿದೆ’ ಎನ್ನಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿರುಕಿಗೆ ವೆಲ್ಡಿಂಗ್ ಪರಿಹಾರವಲ್ಲ. ಕಾಯಿಸಿದರೆ ಉಕ್ಕಿನ ಹದ ಕೆಟ್ಟು, ವೆಲ್ಡಿನ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ನಾವು ಎರಡೂ ಬದಿಗೆ ಹೊಸ ಕಮಾನು ಹಾಕಿದೆವು; ಒಂದೇ ಬದಿ ಬದಲಿಸಿದರೆ ಕಾರು ಇನ್ನೊಂದು ಬದಿಗೆ ವಾಲುತ್ತದೆ. ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿದೆವು.

ಇನ್ನು ‘ಟಕ್’ ಸದ್ದು. ಅದು ಕಮಾನಿನ ತುದಿಯನ್ನು ಬಾಡಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್ಲಿನಲ್ಲಿ, ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್‌ನದು. ಟಾಮಿ ರಾಡಿನಿಂದ ಮೀಟಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗುವುದು ಕೈಗೇ ತಿಳಿಯುತ್ತಿತ್ತು. ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿಯೇ. ರಬ್ಬರ್ ಬುಷ್ ಬಾಗಿಲಿನ ತಿರುಗಣಿಯಂತೆ ಜಾರಿ ತಿರುಗುವುದಿಲ್ಲ. ಬೋಲ್ಟ್ ಬಿಗಿದ ಮೇಲೆ ಅದರ ಒಳಮೈ, ಹೊರಮೈ ಎರಡೂ ಕಚ್ಚಿ ನಿಲ್ಲುತ್ತವೆ. ನಡುವಿನ ರಬ್ಬರ್ ಮಾತ್ರ ತಿರುಚಿಕೊಂಡು ಮರಳುತ್ತದೆ. ಬಾಡಿ ಸ್ಟ್ಯಾಂಡಿನ ಮೇಲಿದ್ದು ಕಮಾನು ಜೋತುಬಿದ್ದಾಗಲೇ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣವೇ ರಬ್ಬರ್ ತಿರುಚಿಕೊಳ್ಳುತ್ತದೆ. ಆಮೇಲೆ ಕಾರು ನಿಂತಿರಲಿ, ಓಡುತ್ತಿರಲಿ, ಅದಕ್ಕೆ ಬಿಡುವಿಲ್ಲ, ಬೇಗನೆ ಹರಿಯುತ್ತದೆ. ಹಾಗಾಗಿ ನಟ್ಟುಗಳನ್ನು ಕೈಬಿಗಿತಕ್ಕೆ ಬಿಟ್ಟು, ಆಕ್ಸಲ್ಲಿನ ಅಡಿಗೆ ಸ್ಟ್ಯಾಂಡ್ ಇಟ್ಟು, ಬಾಡಿಯ ಭಾರವನ್ನು ಪೂರ್ತಿ ಕಮಾನಿನ ಮೇಲೆ ಕೂರಿಸಿ, ನಾಲ್ಕೈದು ಸಲ ಅದುಮಿ ಬಿಟ್ಟು, ಆಮೇಲೆ ಬಿಗಿಯಬೇಕು. ಬುಷ್ ಕೂರಿಸಲು ಸಾಬೂನು ನೀರು ಸಾಕು. ಮಾಮೂಲಿ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಮುಂದಿನ ಟಾರ್ಷನ್ ಬಾರ್ ಬಗ್ಗೆ ಎರಡೇ ಮಾತು: ಬಿಚ್ಚಿದ ಕೂಡಲೇ ಎಡ, ಬಲ ಎಂದು ಗುರುತು ಹಾಕಿ, ಏಕೆಂದರೆ ಒಂದು ದಿಕ್ಕಿಗೆ ತಿರುಚಿ ಪಳಗಿದ ಬಾರನ್ನು ಇನ್ನೊಂದು ಬದಿಗೆ ಹಾಕಬಾರದು. ಅದರ ಮೈಗೆ ಪಾನಾ, ಉಳಿ ತಾಗಿ ಗೀರು ಬೀಳಲು ಬಿಡಬೇಡಿ. ಬಿರುಕು ಆ ಗೀರಿನಿಂದಲೇ ಹೊರಡುತ್ತದೆ.

ಕೆಲಸ ಮುಗಿದ ಮೇಲೆ ಕಾರನ್ನು ಅಂಕೋಲೆಯವರೆಗೆ ಓಡಿಸಿ ತಂದೆವು. ಸದ್ದು ಇರಲಿಲ್ಲ. ಎರಡೂ ಬದಿಯ ಅಳತೆಯಲ್ಲಿ 3 ಮಿ.ಮೀ. ವ್ಯತ್ಯಾಸ ಉಳಿದಿತ್ತು. ಯು-ಬೋಲ್ಟುಗಳ ಎಂಟು ನಟ್ಟುಗಳಿಗೆ ಮತ್ತೆ ಪಾನಾ ಹಾಕಿದಾಗ ಐದು ನಟ್ಟುಗಳು ಕಾಲು ಸುತ್ತು ತಿರುಗಿದವು.