ವಿಂಡೋಸ್ ಮೇಲೆ ಗೂಬೆ ಕೂರಿಸುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ವಿಡಿಯೊ ನೋಡಿಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದವರು ನನ್ನ ಬಳಿ ಬಂದಾಗ ಅವರ ದೂರು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿರುತ್ತದೆ: ‘ಹಾರ್ಡ್‌ವೇರ್ ಎಲ್ಲ ಸರಿಯಾಗಿದೆ, ವಿಂಡೋಸ್ ಮಾತ್ರ ಇನ್‌ಸ್ಟಾಲ್ ಆಗುತ್ತಿಲ್ಲ.’ ಸರಿಯಾಗಿದೆ ಎನ್ನಲು ಆಧಾರವೇನು ಎಂದು ಕೇಳಿದರೆ, ಫ್ಯಾನ್ ತಿರುಗುತ್ತಿದೆ, ದೀಪಗಳು ಬಣ್ಣ ಬದಲಿಸುತ್ತಿವೆ ಎನ್ನುತ್ತಾರೆ. ಫ್ಯಾನಿಗೆ ಬೇಕಿರುವುದು 12 ವೋಲ್ಟ್ ವಿದ್ಯುತ್, ಅಷ್ಟೇ. ಅದು ತಿರುಗಿದ ಮಾತ್ರಕ್ಕೆ ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ (ಕಡತಗಳನ್ನು ಇಡುವ ಡಿಸ್ಕ್) ಒಂದಕ್ಕೊಂದು ಹೊಂದಿಕೊಂಡಿವೆ ಎಂದಾಗುವುದಿಲ್ಲ.

ಹಲವು ಗಿಗಾಬೈಟ್‌ಗಳ ಸಂಕುಚಿತ ಕಡತವನ್ನು ಪೆನ್‌ಡ್ರೈವಿನಿಂದ ಓದಿ, ಮೆಮೊರಿಯಲ್ಲಿ ಬಿಚ್ಚಿ, ತಾಳೆ ನೋಡಿ, ಎಸ್‌ಎಸ್‌ಡಿಗೆ ಬರೆಯುವ ಕೆಲಸ ಹೊಸ ಯಂತ್ರದಲ್ಲಿ ಮೊದಲ ಬಾರಿಗೆ ನಡೆಯುವುದು ಇನ್‌ಸ್ಟಾಲ್ ಮಾಡುವಾಗಲೇ. ಮಾಡು ಸೋರುತ್ತದೆಯೇ ಎಂಬುದು ಮೊದಲ ಮಳೆಗೆ ತಾನೇ ಗೊತ್ತಾಗುವುದು? ಹಾಗಾಗಿ ಇನ್‌ಸ್ಟಾಲರ್ ತೋರಿಸುವ ದೋಷವನ್ನು ನಾನು ಅದರ ಕೆಳಗಿನ ಪದರಗಳ ಮೇಲಿನ ದೂರು ಎಂದೇ ಓದುತ್ತೇನೆ. ತೊಂದರೆಯೆಂದರೆ, ಆ ದೂರು ಬಹಳ ಸಲ ತಪ್ಪು ಆರೋಪಿಯ ಹೆಸರು ಹೇಳುತ್ತದೆ.

ಪರದೆಯೇ ಬೆಳಗದಿದ್ದರೆ ಅದು ಓಎಸ್‌ನ (ವಿಂಡೋಸ್‌ನಂಥ ಕಾರ್ಯಾಚರಣಾ ವ್ಯವಸ್ಥೆಯ) ವಿಷಯವೇ ಅಲ್ಲ, ಆದ್ದರಿಂದ ಅದನ್ನು ಬೇಗ ಮುಗಿಸುತ್ತೇನೆ. ಇಂಟೆಲ್‌ನ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರುಗಳಲ್ಲಿ, ಎಎಂಡಿಯ ರೈಜನ್ 5600ರಂಥವುಗಳಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಬೇಕು. ಡಿಡಿಆರ್5 ಎಂಬ ಹೊಸ ತಲೆಮಾರಿನ ಮೆಮೊರಿ ಹಾಕಿದ ಮದರ್‌ಬೋರ್ಡು ಮೊದಲ ಸಲ ಚಾಲೂ ಆದಾಗ ಮೆಮೊರಿಯ ಸಮಯಮಾನಗಳನ್ನು ತಾನೇ ಹೊಂದಿಸಿಕೊಳ್ಳುತ್ತ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರುತ್ತದೆ. ಅಷ್ಟರಲ್ಲಿ ಗಾಬರಿಯಾಗಿ ಸ್ವಿಚ್ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರು. ಬೋರ್ಡಿಗಿಂತ ಪ್ರೊಸೆಸರ್ ಹೊಸ ತಲೆಮಾರಿನದಾಗಿದ್ದರೆ ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ ಬಯಾಸ್ ಹೊಸದಾಗಬೇಕು. ಈಗಿನ ಅನೇಕ ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಅದನ್ನು ಬದಲಿಸುವ ಗುಂಡಿ ಹಿಂಬದಿಯಲ್ಲೇ ಇರುತ್ತದೆ.

ನನ್ನ ಕೆಲಸ ನಿಜವಾಗಿ ಆರಂಭವಾಗುವುದು ಬಯಾಸ್‌ನ ಸೆಟ್ಟಿಂಗ್ ಪುಟದಿಂದ. ಅಲ್ಲಿ ಮೆಮೊರಿ ಪೂರ್ತಿ ಅಳತೆಯಲ್ಲಿ ಕಾಣಬೇಕು, ಪ್ರೊಸೆಸರಿನ ಬಿಸಿ ಏರುತ್ತ ಹೋಗಬಾರದು, ದಿನಾಂಕ ಇಂದಿನದಾಗಿರಬೇಕು, ಎಸ್‌ಎಸ್‌ಡಿಯ ಹೆಸರು ಪಟ್ಟಿಯಲ್ಲಿರಬೇಕು. ಈ ನಾಲ್ಕು ಸರಿಯಿಲ್ಲದೆ ಪೆನ್‌ಡ್ರೈವ್ ಕೈಗೆತ್ತಿಕೊಳ್ಳುವುದು ವ್ಯರ್ಥ ಶ್ರಮ. ದಿನಾಂಕ ಎಂದರೆ ಹಲವರು ನಗುತ್ತಾರೆ. ಗಡಿಯಾರ ಹಲವು ವರ್ಷ ಹಿಂದಿದ್ದರೆ ಇಂಟರ್ನೆಟ್ಟಿನ ಭದ್ರತಾ ಪ್ರಮಾಣಪತ್ರಗಳು ಹೊಂದುವುದಿಲ್ಲ, ಅಪ್‌ಡೇಟ್, ಆಕ್ಟಿವೇಶನ್ ಎಲ್ಲವೂ ಕಾರಣ ಹೇಳದೆ ಮುಗ್ಗರಿಸುತ್ತವೆ.

ಅತಿ ಹೆಚ್ಚು ಜನರನ್ನು ಅಳುವಂತೆ ಮಾಡುವುದು ‘ಡಿಸ್ಕೇ ಕಾಣುತ್ತಿಲ್ಲ’ ಎಂಬ ಹಂತ. ವಿಂಡೋಸ್ ಎಲ್ಲಿ ಹಾಕಬೇಕು ಎಂದು ಕೇಳುವ ಪುಟ ಖಾಲಿ ಇರುತ್ತದೆ, ಕೆಳಗೆ ಡ್ರೈವರ್ (ಬಿಡಿಭಾಗವನ್ನು ಓಎಸ್‌ಗೆ ಪರಿಚಯಿಸುವ ತಂತ್ರಾಂಶ) ಕೊಡಿ ಎಂಬ ಸೂಚನೆ. ಹೊಸ ಎಸ್‌ಎಸ್‌ಡಿ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹಿಂದಿರುಗಿಸಲು ಹೊರಡುವವರೂ ಇದ್ದಾರೆ. ಸ್ವಲ್ಪ ತಡೆಯಿರಿ. ಅದೇ ಎಸ್‌ಎಸ್‌ಡಿ ಬಯಾಸ್‌ನಲ್ಲಿ ಕಾಣುತ್ತದೆಯೇ? ಕಾಣುತ್ತದೆ ಎಂದಾದರೆ, ಇಂಟೆಲ್ 11ನೇ ತಲೆಮಾರಿನದೋ ಅದರ ನಂತರದ್ದೋ ಪ್ರೊಸೆಸರ್ ಇದ್ದರೆ, ನನ್ನ ಮೊದಲ ಅನುಮಾನ ವಿಎಂಡಿ ಎಂಬ ಸೌಲಭ್ಯದ ಮೇಲೆ. ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿಗಳನ್ನು ವಿಂಡೋಸಿಗೆ ನೇರವಾಗಿ ತೋರಿಸದೆ ನಡುವೆ ತಾನು ನಿಂತು ನಿರ್ವಹಿಸುವ ವ್ಯವಸ್ಥೆ ಅದು. ಹಲವು ಡಿಸ್ಕುಗಳನ್ನು ಒಂದಾಗಿ ಬೆಸೆಯುವವರಿಗೆ ಉಪಯುಕ್ತ. ಒಂದೇ ಎಸ್‌ಎಸ್‌ಡಿ ಇರುವ ಮನೆಯ ಕಂಪ್ಯೂಟರಿಗೆ ಅದರಿಂದ ಏನೂ ಇಲ್ಲ. ಇನ್‌ಸ್ಟಾಲರ್ ಬಳಿ ಅದರ ಡ್ರೈವರ್ ಇಲ್ಲದಿದ್ದರೆ ಡಿಸ್ಕ್ ಅದೃಶ್ಯ.

ಇದಕ್ಕೆ ದಾರಿ ಎರಡು. ಬೋರ್ಡ್ ತಯಾರಕರ ಪುಟದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿಕೊಂಡು, ಜಿಪ್ ಬಿಚ್ಚಿ, ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಗುಂಡಿಯಿಂದ ತೋರಿಸಬಹುದು. ಜಿಪ್ ಕಡತವನ್ನು ಹಾಗೆಯೇ ಇಟ್ಟರೆ ಇನ್‌ಸ್ಟಾಲರ್ ಅದರೊಳಗೆ ಇಣುಕುವುದಿಲ್ಲ. ಇಲ್ಲವೇ ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡಬಹುದು. ಹೊಸ ಯಂತ್ರಕ್ಕೆ ನನ್ನ ಆಯ್ಕೆ ಎರಡನೆಯದು. ಆದರೆ ಅದು ಓಎಸ್ ಹಾಕುವ ಮೊದಲೇ ಆಗಬೇಕಾದ ತೀರ್ಮಾನ. ವಿಂಡೋಸ್ ಕೂತ ಮೇಲೆ ಯಾರೋ ಹೇಳಿದರೆಂದು ಅದನ್ನು ಆಫ್ ಮಾಡಿದರೆ ಮುಂದಿನ ಸಲ ಬೂಟ್ ಡಿಸ್ಕ್ (ಯಂತ್ರ ಚಾಲೂ ಆಗಲು ಬೇಕಾದ ಡಿಸ್ಕ್) ಸಿಗುತ್ತಿಲ್ಲವೆಂಬ ನೀಲಿ ಪರದೆ ಗ್ಯಾರಂಟಿ.

ಅನುಮಾನ ಪರಿಹರಿಸಿಕೊಳ್ಳಲು ನಾನು ಉಬುಂಟು ಎಂಬ ಲಿನಕ್ಸ್ ಓಎಸ್‌ನ ಪೆನ್‌ಡ್ರೈವ್ ಒಂದನ್ನು ಸದಾ ಜೊತೆಗಿಟ್ಟುಕೊಂಡಿರುತ್ತೇನೆ. ಇನ್‌ಸ್ಟಾಲ್ ಮಾಡದೆಯೇ ಅದನ್ನು ಚಲಾಯಿಸಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲಿ ವಿಎಂಡಿ ಡ್ರೈವರ್ ಮೊದಲೇ ಇರುವುದರಿಂದ, ವಿಂಡೋಸಿಗೆ ಕಾಣದ ಡಿಸ್ಕ್ ಅಲ್ಲಿ ಥಟ್ಟನೆ ಕಾಣುತ್ತದೆ. ಕಂಡರೆ ಎಸ್‌ಎಸ್‌ಡಿ ನಿರಪರಾಧಿ. (ಗ್ರಾಫಿಕ್ಸ್ ಕಾರ್ಡ್ ತೀರಾ ಹೊಸದಾಗಿದ್ದು ಉಬುಂಟುವೇ ಕಪ್ಪು ಪರದೆ ತೋರಿಸಿದರೆ, ಮೆನುವಿನಲ್ಲಿ ‘ಸೇಫ್ ಗ್ರಾಫಿಕ್ಸ್’ ಆರಿಸಿಕೊಳ್ಳಿ.)

ಬಯಾಸ್‌ನಲ್ಲೂ ಕಾಣದಿದ್ದರೆ ಕಥೆ ಬೇರೆ. ಬೋರ್ಡಿನ ಮೇಲೆಯೇ ಕೂರುವ ಎಸ್‌ಎಸ್‌ಡಿಗೆ ಹೇಳುವ ಎಂ.2 ಎಂಬುದು ಆಕಾರದ ಹೆಸರಷ್ಟೇ. ಅದೇ ಆಕಾರದಲ್ಲಿ ಸಾಟಾ ಎಂಬ ಹಳೆಯ ಬಗೆಯ ಸಂಪರ್ಕದ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿಗೆ ಸಾಟಾ ತರಹದ್ದನ್ನು ಹಾಕಿದರೆ ಅದು ಚೆನ್ನಾಗಿಯೇ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಸ್ಲಾಟು ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟುಗಳು ಸತ್ತುಹೋಗುತ್ತವೆ, ಏಕೆಂದರೆ ಎರಡಕ್ಕೂ ಒಂದೇ ಸಂಪರ್ಕ. ಬೋರ್ಡಿನ ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಕೋಷ್ಟಕವಿರುತ್ತದೆ. ನನ್ನ ಬಳಿ ಬರುವ ಕೈಪಿಡಿಗಳ ಪ್ಲಾಸ್ಟಿಕ್ ಹೊದಿಕೆ ಹೆಚ್ಚಾಗಿ ಹರಿದಿರುವುದೇ ಇಲ್ಲ.

ಇನ್ನೊಂದು ಬಗೆಯವರು ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಹೊಸದಕ್ಕೆ ವರ್ಗಾಯಿಸಿಕೊಂಡವರು. ಡಿಸ್ಕ್ ಕಾಣುತ್ತದೆ, ಆದರೆ ಅದರಲ್ಲಿ ಎಂಬಿಆರ್ ಎಂಬ ಹಳೆಯ ಬಗೆಯ ವಿಭಜನೆ ಇರುವುದರಿಂದ ಇಲ್ಲಿ ಇನ್‌ಸ್ಟಾಲ್ ಮಾಡಲಾಗದು ಎನ್ನುತ್ತದೆ ವಿಂಡೋಸ್. ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆದ ಯಂತ್ರಕ್ಕೆ ಜಿಪಿಟಿ ಎಂಬ ಹೊಸ ಬಗೆಯ ವಿಭಜನೆಯೇ ಬೇಕು. ಬಯಾಸ್‌ನಲ್ಲಿ ಹಳೆಯ ಸಿಎಸ್‌ಎಂ ವಿಧಾನ ಚಾಲೂ ಮಾಡಿ ನುಸುಳಿಕೊಳ್ಳಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಕೇಳಬೇಡಿ. ಎಂಬಿಆರ್ 2 ಟೆರಾಬೈಟ್ ಆಚೆಗಿನ ಜಾಗವನ್ನು ಬಳಸಲಾರದು. ಸಿಎಸ್‌ಎಂ ಇದ್ದರೆ ಸೆಕ್ಯೂರ್ ಬೂಟ್ ಎಂಬ ಭದ್ರತಾ ತಪಾಸಣೆಯನ್ನು ಕೈಬಿಡಬೇಕಾಗುತ್ತದೆ. ಸರಿಯಾದ ಮದ್ದು: ಇನ್‌ಸ್ಟಾಲರ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ಎಂಬ ಸಾಧನ ತೆರೆದು, ಡಿಸ್ಕ್ ಆಯ್ದು, ‘ಕ್ಲೀನ್’, ಆಮೇಲೆ ‘ಕನ್ವರ್ಟ್ ಜಿಪಿಟಿ’. ‘ಕ್ಲೀನ್’ ಎಂದರೆ ಆ ಡಿಸ್ಕಿನ ವಿಭಜನಾ ಪಟ್ಟಿ ಪೂರ್ತಿ ಅಳಿಯುತ್ತದೆ, ಮದುವೆಯ ಫೋಟೊಗಳೂ ಅದರೊಂದಿಗೆ. ಡಿಸ್ಕ್ 0 ಯಾವುದು, ಡಿಸ್ಕ್ 1 ಯಾವುದು ಎಂಬ ಗೊಂದಲದಲ್ಲಿ ತಪ್ಪು ಡಿಸ್ಕ್ ಒರೆಸಿಹೋಗುವುದು ಈ ಕಸುಬಿನ ಅತಿ ಹಳೆಯ ದುರಂತ.

ಅದಕ್ಕೇ ನನ್ನದು ಒಂದು ಹಟ: ವಿಂಡೋಸ್ ಹಾಕುವ ಎಸ್‌ಎಸ್‌ಡಿ ಒಂದನ್ನು ಬಿಟ್ಟು ಉಳಿದ ಎಲ್ಲ ಡಿಸ್ಕುಗಳ ಕೇಬಲ್ ಕಳಚಿಯೇ ಇನ್‌ಸ್ಟಾಲ್ ಆರಂಭಿಸುತ್ತೇನೆ. ಇದಕ್ಕೆ ಇನ್ನೂ ಒಂದು ಕಾರಣವಿದೆ. ಹಳೆಯ ಡಿಸ್ಕಿನಲ್ಲಿ ಮೊದಲೇ ಒಂದು ಇಎಫ್‌ಐ ಭಾಗ (ಬೂಟ್ ಕಡತಗಳ ಜಾಗ) ಇದ್ದರೆ, ಇನ್‌ಸ್ಟಾಲರ್ ತನ್ನ ಬೂಟ್ ಕಡತಗಳನ್ನು ಅಲ್ಲಿ ಇಟ್ಟು, ವಿಂಡೋಸನ್ನು ಮಾತ್ರ ಹೊಸ ಎಸ್‌ಎಸ್‌ಡಿಯಲ್ಲಿ ಇಡಬಹುದು. ಆಗ ಯಾವ ದೋಷವೂ ಕಾಣುವುದಿಲ್ಲ. ಎಷ್ಟೋ ತಿಂಗಳ ಮೇಲೆ ಹಳೆಯ ಡಿಸ್ಕ್ ಕೆಟ್ಟು ತೆಗೆದಾಗ ಹೊಸದೂ ಬೂಟ್ ಆಗದೆ ಕೂರುತ್ತದೆ, ಮಾಲೀಕರಿಗೆ ತಲೆಬುಡ ತಿಳಿಯುವುದಿಲ್ಲ.

ಪೆನ್‌ಡ್ರೈವ್ ಬಗ್ಗೆ. ಇನ್‌ಸ್ಟಾಲರನ್ನು ಹೊತ್ತು ಬರುವ ಐಎಸ್‌ಒ ಕಡತದ ಒಳಗಿರುವುದನ್ನೆಲ್ಲ ಎಳೆದು ಪೆನ್‌ಡ್ರೈವಿಗೆ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಯುಇಎಫ್‌ಐ ಖಚಿತವಾಗಿ ಓದಬಲ್ಲದ್ದು ಫ್ಯಾಟ್32 ವಿನ್ಯಾಸವನ್ನು; ಫ್ಯಾಟ್32ರಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ; ವಿಂಡೋಸ್ 11ರ ಐಎಸ್‌ಒದಲ್ಲಿರುವ ಮುಖ್ಯ ಕಡತ ಆ ಮಿತಿಯನ್ನು ದಾಟುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಹೆಚ್ಚು ಸಂಕುಚಿತಗೊಳಿಸಿದ ಕಡತ ಬಳಸಿ ಈ ತೊಡಕನ್ನು ದಾಟುತ್ತದೆ. ರೂಫಸ್ ಎಂಬ ತಂತ್ರಾಂಶ ದೊಡ್ಡ ಕಡತ ಹಿಡಿಸುವ ಎನ್‌ಟಿಎಫ್‌ಎಸ್ ವಿನ್ಯಾಸವನ್ನು ಓದಬಲ್ಲ ಪುಟ್ಟ ಬೂಟ್ ಭಾಗವೊಂದನ್ನು ಸೇರಿಸಿ ದಾಟುತ್ತದೆ. ಇವೆರಡರಲ್ಲಿ ಒಂದನ್ನು ಬಳಸಿ, ಕೈಯಿಂದ ಎಳೆದು ಹಾಕಬೇಡಿ. ‘ಮೀಡಿಯಾ ಡ್ರೈವರ್ ಇಲ್ಲ’ ಎಂಬ ಸಂದೇಶ ಬಂದರೆ ಯಾವ ಡ್ರೈವರನ್ನೂ ಹುಡುಕಲು ಹೋಗದೆ ಮೊದಲು ಪೋರ್ಟ್ ಬದಲಿಸಿ. ಕ್ಯಾಬಿನೆಟ್ಟಿನ ಮುಂಭಾಗ ಬಿಟ್ಟು ಬೋರ್ಡಿನ ಹಿಂಭಾಗದ ಯುಎಸ್‌ಬಿ ಪೋರ್ಟಿಗೆ ಚುಚ್ಚಿ. ಅದಕ್ಕೂ ಬಗ್ಗದಿದ್ದರೆ ಪೆನ್‌ಡ್ರೈವ್ ಬದಲಿಸಿ.

ಈಗ ಮೆಮೊರಿ. ಹೊಸ ಯಂತ್ರಗಳಲ್ಲಿ ಇಷ್ಟು ನಾಜೂಕಾಗಿ ವೇಷ ಮರೆಸಿಕೊಳ್ಳುವ ದೋಷ ಇನ್ನೊಂದಿಲ್ಲ. ಅದು ಎಂದೂ ‘ನಾನು ಮೆಮೊರಿ ದೋಷ’ ಎಂದು ಹೇಳಿಕೊಳ್ಳುವುದಿಲ್ಲ. ಕಡತ ಹಾಳಾಗಿದೆ, ಓದಲಾಗುತ್ತಿಲ್ಲ, ಬೇಕಾದ ಕಡತ ಸಿಗುತ್ತಿಲ್ಲ ಎಂದು ಇನ್‌ಸ್ಟಾಲರ್ ಹೇಳುತ್ತದೆ. ಬಡಪಾಯಿ ಮಾಲೀಕ ಐಎಸ್‌ಒವನ್ನು ಮತ್ತೆ ಮತ್ತೆ ಇಳಿಸಿಕೊಳ್ಳುತ್ತಾನೆ. ನಾನು ಕೇಳುವುದು ಒಂದೇ ಪ್ರಶ್ನೆ: ಪ್ರತಿ ಸಲವೂ ಒಂದೇ ಕಡೆ ನಿಲ್ಲುತ್ತದೆಯೋ, ಬೇರೆ ಬೇರೆ ಕಡೆಯೋ? ಯಾವಾಗಲೂ ಅದೇ ಶೇಕಡಾವಾರಿಗೆ ನಿಂತರೆ ಐಎಸ್‌ಒ ಅಥವಾ ಪೆನ್‌ಡ್ರೈವ್ ಮೇಲೆ ಅನುಮಾನ. ಒಮ್ಮೆ 22, ಇನ್ನೊಮ್ಮೆ 71, ಮತ್ತೊಮ್ಮೆ ನೀಲಿ ಪರದೆ ಎಂದಾದರೆ ನನ್ನ ಕೈ ನೇರವಾಗಿ ಮೆಮೊರಿಯ ಕಡೆಗೆ ಹೋಗುತ್ತದೆ.

ಜಾಹೀರಾತಿನಲ್ಲಿ 6000 ಎಂದು ಬರೆದ ಡಿಡಿಆರ್5 ಮೆಮೊರಿ ತಾನಾಗಿ ಆ ವೇಗದಲ್ಲಿ ಓಡುವುದಿಲ್ಲ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಪ್ರೊಫೈಲ್ ಚಾಲೂ ಮಾಡಿದಾಗ ಮಾತ್ರ ಆ ವೇಗ. ಅದು ಒಂದು ಬಗೆಯ ಓವರ್‌ಕ್ಲಾಕಿಂಗ್, ಅಂದರೆ ನಿಗದಿಗಿಂತ ವೇಗವಾಗಿ ಓಡಿಸುವುದು. ಪ್ರೊಸೆಸರ್, ಬೋರ್ಡ್, ಬಯಾಸ್ ಮೂರೂ ಸಹಕರಿಸಬೇಕು. ನಾಲ್ಕು ಸ್ಲಾಟನ್ನೂ ತುಂಬಿದಾಗ ಸಹಕಾರ ಇನ್ನೂ ಕಷ್ಟ. ಆದ್ದರಿಂದ ಓಎಸ್ ಕೂರುವವರೆಗೆ ಆ ಪ್ರೊಫೈಲ್ ಆಫ್ ಮಾಡಿಡಿ. ಎರಡು ಮೆಮೊರಿ ಕಡ್ಡಿಗಳಿದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕುವುದು ಹೆಚ್ಚಿನ ಬೋರ್ಡುಗಳ ನಿಯಮ. ಆಗಲೂ ಮುಗ್ಗರಿಸಿದರೆ ಒಂದೇ ಕಡ್ಡಿ ಹಾಕಿ ನೋಡಿ, ಮತ್ತೆ ಇನ್ನೊಂದನ್ನು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ರಾತ್ರಿ ಓಡಲು ಬಿಟ್ಟು ಬೆಳಿಗ್ಗೆ ನೋಡಿ. ಒಂದು ದೋಷ ಕಂಡರೂ ಸಾಕು, ‘ಒಂದೇ ತಾನೇ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಮೆಮೊರಿ ಶುದ್ಧವಾಗಿದ್ದೂ ಕಡತ ಬಿಚ್ಚುವಾಗಲೇ ಎಡವುತ್ತಿದ್ದರೆ, ಪ್ರೊಸೆಸರ್ ಇಂಟೆಲ್ 13 ಅಥವಾ 14ನೇ ತಲೆಮಾರಿನ ದೊಡ್ಡ ಮಾದರಿಯೇ ಎಂದು ನೋಡುತ್ತೇನೆ. ಹೆಚ್ಚಿನ ವೋಲ್ಟೇಜಿನಿಂದ ಈ ಡೆಸ್ಕ್‌ಟಾಪ್ ಚಿಪ್‌ಗಳು ಅಸ್ಥಿರವಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಬಯಾಸ್ ಮೂಲಕ ಹೊಸ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಈಗಾಗಲೇ ಹಾನಿಯಾದ ಚಿಪ್ಪನ್ನು ಹೊಸ ಬಯಾಸ್ ಗುಣಪಡಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

‘ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ತಕ್ಕುದಲ್ಲ’ ಎಂಬ ಸಂದೇಶ ಹೊಚ್ಚ ಹೊಸ ಯಂತ್ರದಲ್ಲಿ ಬಂದರೆ ಸಿಟ್ಟು ಬರುವುದು ಸಹಜ. ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕೆಂದು ಅದು ಕೇಳುತ್ತಿದೆ. ಅದಕ್ಕಾಗಿ ಬೇರೆ ಚಿಪ್ ಕೊಳ್ಳಬೇಕಿಲ್ಲ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಪ್ರೊಸೆಸರಿನ ಜೊತೆಗೇ ಬಂದಿರುತ್ತದೆ, ಬಯಾಸ್‌ನಲ್ಲಿ ಚಾಲೂ ಮಾಡಬೇಕು ಅಷ್ಟೇ. ಈ ತಪಾಸಣೆಯನ್ನೇ ಹಾರಿಸಿಬಿಡುವ ಉಪಾಯಗಳಿವೆ; ಹಳೆಯ ಯಂತ್ರಕ್ಕಾದರೆ ಅರ್ಥವಾದೀತು, ಹೊಸದಕ್ಕೆ ಅದು ಸೋಮಾರಿತನ. ವಿಂಡೋಸ್ 10 ಸಾಕು ಎನ್ನುವವರಿಗೆ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕಡತಗಳೆಲ್ಲ ನಕಲಾಗಿ ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೊದಲ ಪರದೆಯೇ ಬಂದರೆ ಗಾಬರಿಯಾಗಬೇಡಿ. ಯಂತ್ರ ಮತ್ತೆ ಪೆನ್‌ಡ್ರೈವಿನಿಂದಲೇ ಬೂಟ್ ಆಗಿದೆ. ಅದನ್ನು ಕಿತ್ತು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ.

ಕೊನೆಯ ಹಂತದಲ್ಲಿ ವಿಂಡೋಸ್ ಇಂಟರ್ನೆಟ್ ಕೇಳುತ್ತದೆ, ಆದರೆ ಹೊಸ ಬೋರ್ಡಿನ ವೈಫೈಗೆ ಬೇಕಾದ ಡ್ರೈವರ್ ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಈ ಹಂತವನ್ನು ದಾಟಲು ಬಳಸುತ್ತಿದ್ದ ರಹಸ್ಯ ಆಜ್ಞೆಗಳನ್ನು ಮೈಕ್ರೋಸಾಫ್ಟ್ ಒಂದೊಂದಾಗಿ ಮುಚ್ಚುತ್ತಿದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚುವ ಸೌಲಭ್ಯ) ಚಾಲೂ ಮಾಡಿದರೆ ಸಾಮಾನ್ಯವಾಗಿ ಬೇರೆ ಯಾವ ಡ್ರೈವರೂ ಇಲ್ಲದೆ ಸಂಪರ್ಕ ಸಿಗುತ್ತದೆ. ಬೋರ್ಡಿನ ಜೊತೆ ಬಂದ ಸಿ.ಡಿ.ಯನ್ನು ಹಿಡಿದು ಸಿ.ಡಿ. ಡ್ರೈವ್ ಹುಡುಕುವುದಕ್ಕಿಂತ ಇದು ಮೇಲು.

ಬಯಾಸ್ ಅಪ್‌ಡೇಟ್ ಮಾಡುವುದಿದ್ದರೆ ಇದೆಲ್ಲಕ್ಕೂ ಮೊದಲೇ ಮುಗಿಸಿ, ಅದೂ ಯುಪಿಎಸ್ ಇದ್ದರೆ ಒಳ್ಳೆಯದು. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು. ವಿಂಡೋಸ್ 11ರ 2024ರ ಆವೃತ್ತಿಯಿಂದ ಈಚೆಗೆ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ತಾನಾಗಿ ಗೂಢಲಿಪೀಕರಣಗೊಳ್ಳುತ್ತದೆ, ಅದರ ಬೀಗದಕೈ ಟಿಪಿಎಂನಲ್ಲಿ ಕೂರುತ್ತದೆ. ಆಮೇಲೆ ಬಯಾಸ್ ಬದಲಿಸಿದಾಗ ಟಿಪಿಎಂ ಅಳಿಸಿಹೋದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ಅಂಗಡಿಯ ಹುಡುಗ ತನ್ನ ಹೆಸರಿನಲ್ಲಿ ತೆರೆದುಕೊಟ್ಟಿದ್ದರೆ, ಇವತ್ತೇ ಅವನನ್ನು ಕಂಡು ಬನ್ನಿ.